ಬಂಡೆಯವರೆಗಿನ ಸಾಲು

ಗೋಣಿಚೀಲದ ಮೇಲಿನ ಹಸಿ ಬಣ್ಣದ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕೈ ಒರೆಸಿಕೊಳ್ಳಲು ಲಂಗದ ಅಂಚು ಹುಡುಕುತ್ತದೆ. ಲಂಗ ಬಿಟ್ಟು ಎಷ್ಟೋ ವರ್ಷವಾಯಿತು. ಕಪ್ಪು ಬಣ್ಣಕ್ಕೆ ಒಂದಿಷ್ಟು ಸೀಮೆಎಣ್ಣೆ ಬೆರೆಸಿ, ಹಳೇ ಬನಿಯನ್ನಿನ ತುಂಡನ್ನು ಉಂಡೆ ಕಟ್ಟಿ ಅದ್ದಿ, ಅಕ್ಷರ ಕೊರೆದ ತಗಡಿನ ಅಚ್ಚಿನ ಮೇಲೆ ಒತ್ತಿದಾಗ ಏಳುವ ವಾಸನೆ ಅದು. ನಿಮ್ಮ ಬಾಲ್ಯಕ್ಕೂ ಇಂಥದ್ದೊಂದು ವಾಸನೆ ಇರಬಹುದು, ಮಲ್ಲಿಗೆಯದೋ ಕಾಯಿಸಿದ ತುಪ್ಪದ್ದೋ. ನನ್ನದು ಸೀಮೆಎಣ್ಣೆಯದು, ಅದಕ್ಕೆ ನನಗೇನೂ ನಾಚಿಕೆಯಿಲ್ಲ. ಅಪ್ಪ ಆಲ್ದೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಹಾಕುವುದರಿಂದ ಹಿಡಿದು ಲಾರಿ ಹೊರಡಿಸುವವರೆಗೆ ಎಲ್ಲವೂ ಅವರ ತಲೆಯ ಮೇಲೆ. ಒಣಗಿದ ಕಾಫಿ ಸಿಪ್ಪೆ ಸುಲಿಸಿಕೊಳ್ಳಲು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೋಗುವ ಮುಂಚೆ ಪ್ರತಿ ಚೀಲದ ಮೇಲೂ ಎಸ್ಟೇಟಿನ ಗುರುತು ಹಾಕಬೇಕಿತ್ತು. ಅಪ್ಪನ ಅಕ್ಷರವೋ ಕಾಗೆ ಕಾಲು ಗುಬ್ಬಿ ಕಾಲು. ಹಾಗಾಗಿ ಎಣ್ಣೆ ಡಬ್ಬದ ತಗಡು ಬಿಚ್ಚಿ, ಉಳಿ ಸುತ್ತಿಗೆ ಹಿಡಿದು ಕೂತು, ಆ ಗುರುತಿನ ಅಚ್ಚುಗಳನ್ನು ಕಡಿದುಕೊಟ್ಟವಳು ಅಮ್ಮ. ಅವಳ ಹೆಸರು ವನಜಾ. ಆ ತೋಟದಿಂದ ಇಳಿದುಹೋದ ಒಂದೊಂದು ಚೀಲದ ಮೇಲೂ ಅವಳ ಕೈ ಇತ್ತು, ಅದು ಗೊತ್ತಿದ್ದದ್ದು ನಮ್ಮ ಮನೆಯ ಮೂವರಿಗೆ ಮಾತ್ರ.

ಉಳಿದ ತಗಡಿನಲ್ಲಿ ಅವಳು ನನಗಾಗಿ ಕನ್ನಡದ ಅಕ್ಷರಗಳನ್ನು ಕಡಿದಳು. ಅ ದಿಂದ ಳ ವರೆಗೆ, ಒತ್ತಕ್ಷರಗಳೂ ಬೇರೆಯಾಗಿ, ಎಲ್ಲ ಒಂದು ಬಿಸ್ಕತ್ತಿನ ಡಬ್ಬದಲ್ಲಿ. ನಾನು ಓದಲು ಕಲಿತದ್ದು ಸ್ಲೇಟಿನಲ್ಲಲ್ಲ, ಹರಿದ ಗೋಣಿಯ ಮೇಲೆ ಬಣ್ಣ ಒತ್ತಿ. ಒಂಬತ್ತು ವರ್ಷದವಳಿದ್ದಾಗ ಲಾರಿ ಹೊರಡುವ ದಿನದ ಗಡಿಬಿಡಿಯಲ್ಲಿ ಒಂದು ಚೀಲದ ಮೇಲೆ, ಎಸ್ಟೇಟಿನ ಗುರುತಿನ ಕೆಳಗೇ, ದಪ್ಪಕ್ಷರದಲ್ಲಿ ‘ವನಜಾ’ ಎಂದು ಒತ್ತಿಬಿಟ್ಟೆ. ಮಾಡಿದ ಮೇಲೆ ಜೀವ ಬಾಯಿಗೆ ಬಂತು. ಅಪ್ಪ ಬಂದು ನೋಡಿದರು. ನನ್ನನ್ನೂ ನೋಡಿದರು. ಬೈಯಲಿಲ್ಲ. ಆ ಚೀಲ ಹೊತ್ತವನಿಗೆ ‘ಇದನ್ನ ಮುಖ ಒಳಗೆ ಮಾಡಿ ಇಡು ಮಾರಾಯ’ ಎಂದರಷ್ಟೆ. ಅಮ್ಮನ ಹೆಸರು ಯಾರಿಗೂ ಕಾಣದಂತೆ ಲಾರಿಯ ನಡುವೆ ಕೂತು ಚಿಕ್ಕಮಗಳೂರಿಗೆ ಹೋಯಿತು. ಅವತ್ತು ನನಗೆ ಬದುಕಿಕೊಂಡೆ ಅನ್ನಿಸಿತ್ತು. ಮುಖ ಒಳಗೆ ಯಾಕಿರಬೇಕು ಎಂದು ಸಿಟ್ಟು ಬಂದದ್ದು ತುಂಬ ಆಮೇಲೆ.

ನಮ್ಮ ಕ್ವಾರ್ಟರ್ಸಿನ ಎದುರಿಗೇ ಕಾಫಿ ಒಣಗಿಸುವ ಸಿಮೆಂಟಿನ ಕಣ. ಅದು ಚೌಕವಾಗಿರಲಿಲ್ಲ. ಬಲಗಡೆ ಆನೆಬೆನ್ನಿನಂಥ ಒಂದು ಬಂಡೆ ಓರೆಯಾಗಿ ಒಳನುಗ್ಗಿತ್ತು, ಕಟ್ಟಿದವರು ಅದನ್ನು ಒಡೆಯಲಾರದೆ ಬಿಟ್ಟಿದ್ದರು. ಅದಕ್ಕೇ ಕಣ ಮೇಲ್ಗಡೆ ಅಗಲವಾಗಿದ್ದು ಕೆಳಗೆ ಬರುಬರುತ್ತಾ ಕಿರಿದಾಗಿ, ಕೊನೆಗೆ ಎರಡು ಹೆಜ್ಜೆಗೇ ಮುಗಿದುಹೋಗುತ್ತಿತ್ತು. ಸುಗ್ಗಿಯ ಚಳಿಬಿಸಿಲಿನಲ್ಲಿ ಹರಡಿದ ಕಾಫಿಯನ್ನು ಗಂಟೆಗೊಮ್ಮೆ ಕೆದಕಬೇಕು, ಇಲ್ಲದಿದ್ದರೆ ಅಡಿಯದು ಹಸಿಯಾಗೇ ಉಳಿಯುತ್ತದೆ. ಹೆಂಗಸರು ಪಾದವನ್ನು ಬೀಜದೊಳಗೆ ತೂರಿಸಿ ಎಳೆಯುತ್ತಾ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು, ತಿರುಗಿ ಪಕ್ಕದ ಸಾಲು ಹಿಡಿಯುತ್ತಿದ್ದರು. ರೈಟರ ಹೆಂಡತಿ ಕಣಕ್ಕಿಳಿಯುವುದು ಯಾರಿಗೂ ಸರಿಕಾಣುತ್ತಿರಲಿಲ್ಲ. ಅಮ್ಮ ಇಳಿಯುತ್ತಿದ್ದಳು. ಸೆರಗು ಸಿಕ್ಕಿಸಿ, ಬರಿಗಾಲಿನಲ್ಲಿ, ದೇವಕಿಯ ಮುಂದೆ ಮುಂದೆ ನಡೆಯುತ್ತಿದ್ದಳು. ದೇವಕಿ ಆಳುಗಳ ಲೈನ್ ಮನೆಯವಳು, ಕಣದ ಕೆಲಸದಲ್ಲೇ ಕೂದಲು ನೆರೆಸಿಕೊಂಡವಳು. ನಡೆಯುತ್ತಾ ಅಮ್ಮನ ತುಟಿ ಅಲ್ಲಾಡುತ್ತಿತ್ತು. ಕಣದ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಒಂದು ಸಾಲು ಹುಟ್ಟಬೇಕು, ತಿರುಗಿದರೆ ಮುಂದಿನದು. ಮೇಲಿನ ಸಾಲುಗಳು ಉದ್ದ, ಬಂಡೆಯ ಹತ್ತಿರದವು ಗಿಡ್ಡ. ಕೆಳಗಿಳಿದು ಬಂಡೆಗೆ ಕಾಲು ತಾಗಿದರೆ ಅವಳ ಕವಿತೆ ಮುಗಿಯುತ್ತಿತ್ತು. ಮನೆಗೆ ಬಂದು ನನ್ನ ಹಳೇ ನೋಟುಬುಕ್ಕಿನ ಉಳಿದ ಹಾಳೆಗಳಲ್ಲಿ ಅದನ್ನು ಬರೆದಿಡುತ್ತಿದ್ದಳು, ಕಾಗದ ದಂಡವಾಗಬಾರದೆಂದು ಸಾಲು ಮುರಿಯದೆ, ಒಂದೇ ಸಮನೆ ಅಂಚಿನಿಂದ ಅಂಚಿಗೆ. ‘ಎಲ್ಲಿ ಮುರೀಬೇಕು ಅಂತ ಕಾಲಿಗೆ ಗೊತ್ತಲ್ಲ, ಕಾಗದಕ್ಕೆ ಯಾಕೆ ಹೇಳ್ಬೇಕು’ ಅನ್ನುತ್ತಿದ್ದಳು.

ನಾನು ಪಿಯುಸಿ ಮುಗಿಸಿ ಚಿಕ್ಕಮಗಳೂರಿನಲ್ಲಿ ಬೋರ್ಡ್ ಬರೆಯುವವರೊಬ್ಬರ ಅಂಗಡಿ ಸೇರಿದೆ. ಹುಡುಗಿ ಏಣಿ ಹತ್ತುವುದೇ ಎಂದವರಿಗೆ ನನ್ನ ಅಕ್ಷರಗಳೇ ಉತ್ತರ ಕೊಟ್ಟವು. ಫ್ಲೆಕ್ಸ್ ಬಂದು ನಮ್ಮ ಕೆಲಸ ತಿನ್ನತೊಡಗಿದ ವರ್ಷವೇ ಅಮ್ಮ ತೀರಿಕೊಂಡಳು, ನಾಲ್ಕೇ ದಿನದ ಜ್ವರದಲ್ಲಿ. ಕಾರ್ಯ ಮುಗಿದ ಮೇಲೆ ದೊಡ್ಡಮಾವ, ಅಂದರೆ ಅಮ್ಮನ ಅಣ್ಣ, ಆ ನೋಟುಬುಕ್ಕುಗಳನ್ನು ಕೇಳಿ ತೆಗೆದುಕೊಂಡು ಹೋದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ತಂಗಿಯ ಮೇಲೆ ಪ್ರಾಣವಿದ್ದವರು. ವರ್ಷಾಬ್ದಿಕದ ದಿನ ಬಂದವರಿಗೆಲ್ಲ ಕೊಡಲು ಪುಸ್ತಕ ಮಾಡಿಸುತ್ತೇನೆಂದಾಗ ನಾನು ಅವರ ಕಾಲಿಗೆ ಬಿದ್ದಿದ್ದೆ. ಹತ್ತು ತಿಂಗಳ ಮೇಲೆ ಅವರ ಜಗುಲಿಯಲ್ಲಿ ಕೂತು ಅಚ್ಚಿನ ಕರಡು ಬಿಡಿಸಿದರೆ, ಅಮ್ಮ ಅದರೊಳಗೆ ಇರಲಿಲ್ಲ. ಎಲ್ಲ ಕವಿತೆಗಳೂ ನಾಲ್ಕು ನಾಲ್ಕು ಸಾಲಿನ ಪದ್ಯಗಳಾಗಿ, ಪ್ರಾಸ ಹಚ್ಚಿಕೊಂಡು, ಸ್ಕೂಲಿನ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಅದನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಕಣದ ಮೇಲೆ ನಾನೇ ನೂರು ಸಲ ಕೇಳಿದ್ದ ಒಂದು ಕವಿತೆಯ ಕೊನೆಯಲ್ಲಿ ಅವಳು ಹೇಳಿದ್ದು ‘ಅಷ್ಟು ಸಾಲದು ನನಗೆ’ ಎಂದು. ಕರಡಿನಲ್ಲಿ ಇದ್ದದ್ದು ‘ಅಷ್ಟೇ ಸಾಕು ನನಗೆ’.

‘ಮಾವ, ಇದು ಅಮ್ಮ ಬರೆದದ್ದಲ್ಲ’ ಎಂದೆ.

‘ತಿದ್ದಿದ್ದೀನಿ ಮಗಳೇ. ಸತ್ತು ಹೋದವಳು ಇನ್ನೂ ಸಾಲದು ಸಾಲದು ಅಂತಿದ್ರೆ ಓದಿದವ್ರು ಏನಂದ್ಕೋಬೇಕು? ನಿಮ್ಮಪ್ಪ ಅವಳನ್ನ ಸರಿಯಾಗಿ ನೋಡ್ಕೊಳ್ಲಿಲ್ಲ ಅಂತಾನಾ? ಲಯಾನೂ ಇರ್ಲಿಲ್ಲ, ಎಲ್ಲೆಲ್ಲೋ ಮುರೀತಿತ್ತು. ಒಂದು ಆಕಾರಕ್ಕೆ ತಂದೆ.’

‘ಆಕಾರ ಇತ್ತು. ನೀವು ನೋಡಿಲ್ಲ ಅಷ್ಟೆ.’

ಅಷ್ಟು ಜೋರಾಗಿ ಅವರೆದುರು ಯಾರೂ ಮಾತಾಡಿದವರಿಲ್ಲ. ಅವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡು, ಪ್ರೆಸ್ಸಿಗೆ ಕೊಟ್ಟಾಗಿದೆ ಎಂದರು. ನಾನು ಅಮ್ಮನ ನೋಟುಬುಕ್ಕುಗಳನ್ನು ವಾಪಸು ತೆಗೆದು ಎದೆಗೆ ಒತ್ತಿಕೊಂಡು, ಕೊಟ್ಟ ಕಾಫಿಯನ್ನೂ ಮುಟ್ಟದೆ, ಆಲ್ದೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸಿಟ್ಟಿನಲ್ಲಿ ಅತ್ತೆ. ಬದುಕಿದ್ದಾಗ ಮುಖ ಒಳಗೆ ಮಾಡಿ ಕಳಿಸಿದ್ದಾಯಿತು, ಸತ್ತ ಮೇಲೂ ಹಾಗೇ ಕಳಿಸಲು ನಾನು ಬಿಡುವವಳಲ್ಲ ಎಂದು ಕಿಟಕಿಗೆ ಹೇಳಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಜಾಗ ಬದಲಾಯಿಸಿದಳು.

ಆಗ ಎಸ್ಟೇಟಿನವರು ಮೇಲ್ಗಡೆ ಹೊಸ ಕಣ ಕಟ್ಟಿಸಿಕೊಂಡಿದ್ದರು. ಹಳೆಯದು ಹುಲ್ಲೆದ್ದು ಬಿದ್ದಿತ್ತು. ನಾನು ಯಾರನ್ನೂ ಕೇಳಲಿಲ್ಲ. ಮೂರು ದಿನ ಹುಲ್ಲು ಕಿತ್ತು, ತೊಳೆದೆ. ಎಲ್ಲಿ ಸಾಲು ಮುರಿಯುತ್ತಿತ್ತೆಂದು ನನಗೆ ಗೊತ್ತಿದ್ದರೂ ಸಾಕ್ಷಿ ಬೇಕಿತ್ತು. ದೇವಕಿಯನ್ನು ಕರೆದೆ. ‘ಹಾಳೆ ಓದೋಕೆ ನಂಗೆಲ್ಲಿ ಬರ್ತದೆ ಮಗಾ, ನಡೆದ್ರೆ ನೆನಪಾಗ್ತದೆ’ ಎಂದವಳು ಚಪ್ಪಲಿ ಬಿಟ್ಟು ಕಣಕ್ಕಿಳಿದಳು. ಖಾಲಿ ಸಿಮೆಂಟಿನ ಮೇಲೆ ಪಾದ ಎಳೆಯುತ್ತಾ, ಇಲ್ಲದ ಕಾಫಿಯನ್ನು ಕೆದಕುತ್ತಾ, ಆ ಕವಿತೆ ಹೇಳಿಕೊಂಡು ನಡೆದಳು. ಒಂದು ಪದವೂ ಆಚೀಚೆ ಆಗಲಿಲ್ಲ. ಅವಳು ತಿರುಗಿದಲ್ಲೆಲ್ಲ ನಾನು ಸುಣ್ಣದ ಗುರುತು ಹಾಕಿದೆ. ಕೊನೆಗೆ ಬಂಡೆಯ ಹತ್ತಿರ ನಿಂತು ಹಿಮ್ಮಡಿ ಊರಿ ‘ನನಗೆ’ ಅಂದಳು. ಅಮ್ಮನ ದನಿಯೇ.

ಬಿಸ್ಕತ್ತಿನ ಡಬ್ಬ ತೆರೆದೆ. ತಗಡಿನ ಅಂಚು ತುಕ್ಕು ಹಿಡಿದಿತ್ತು, ಅಕ್ಷರಗಳ ದುಂಡು ಹಾಗೇ ಇತ್ತು. ಬೋರ್ಡಿನ ಅಂಗಡಿಯಲ್ಲಿ ಕಲಿತ ಎಲ್ಲ ನಾಜೂಕನ್ನೂ ಬದಿಗಿಟ್ಟು, ಸುಣ್ಣದ ಗುರುತಿನಿಂದ ಗುರುತಿಗೆ, ಕಣದ ಸಿಮೆಂಟಿನ ಮೇಲೆ, ಮಗುವಿನ ಹಾಗೆ ಒಂದೊಂದೇ ಅಕ್ಷರ ಒತ್ತತೊಡಗಿದೆ. ಬಣ್ಣ ಗಟ್ಟಿಯಾಗಿದ್ದು ಸರಿಯಾಗಿ ಹಿಡಿಯುತ್ತಿರಲಿಲ್ಲ. ಅದುವರೆಗೆ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದ ಅಪ್ಪ ಎದ್ದುಬಂದು ಬಣ್ಣದ ಡಬ್ಬ ಕಸಿದುಕೊಂಡು, ಸೀಮೆಎಣ್ಣೆ ಹನಿಹನಿಯಾಗಿ ಬಿಟ್ಟು ಕಡ್ಡಿಯಲ್ಲಿ ಕಲಕಿದರು. ‘ಅವಳ ಅಚ್ಚಿಗೆ ಇಷ್ಟು ನೀರಾಗ್ಬೇಕು’ ಎಂದರು. ಆ ಮೇಲೆ ನನ್ನ ಮುಖ ನೋಡದೆಯೇ, ‘ಅವತ್ತು ಆ ಚೀಲ ಹೊರಗೆ ಮುಖ ಮಾಡಿ ಇಡಿಸ್ಬೇಕಿತ್ತು ಸುಮಾ, ನಂಗೆ ಧೈರ್ಯ ಸಾಕಾಗ್ಲಿಲ್ಲ’ ಎಂದರು. ಇಬ್ಬರೂ ಸೇರಿ ಎರಡು ದಿನದಲ್ಲಿ ಮುಗಿಸಿದೆವು.

ವರ್ಷಾಬ್ದಿಕದ ದಿನ ಊಟವಾದ ಮೇಲೆ ದೊಡ್ಡಮಾವ ಪುಸ್ತಕದ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ‘ಮಾವ, ಹಂಚೋ ಮುಂಚೆ ಕಣಕ್ಕೆ ಬನ್ನಿ. ಚಪ್ಪಲಿ ಬಿಟ್ಟು’ ಎಂದೆ. ನೆಂಟರೆಲ್ಲ ಹಿಂದೆ ಬಂದರು. ಮಾವ ಮೇಲಿನ ತುದಿಯಲ್ಲಿ ನಿಂತು, ಬಗ್ಗಿ, ಪಾಠ ಓದುವ ದನಿಯಲ್ಲಿ ಓದುತ್ತಾ ನಡೆದರು, ಸಾಲು ಮುಗಿದಲ್ಲಿ ತಿರುಗಿ ಮುಂದಿನದರ ಮೊದಲಿಗೆ ಬಂದರು.

ಬೆಳಗಿನಿಂದ ಕಾಲಲ್ಲೇ ಗೆರೆ ಎಳೆಯುತ್ತಿದ್ದೇನೆ ಈ ಕಣದ ಮೇಲೆ
ಹಿಂದೆಯೇ ಬಿಸಿಲು ಬಂದು ಓದಿಕೊಂಡು ಹೋಗುತ್ತದೆ
ಯಾರದೋ ಹೆಸರಿಗೆ ಒಣಗುವ ಬೀಜವೇ
ನನ್ನ ಹೆಜ್ಜೆ ನಿನಗೆ ಗೊತ್ತು
ಅಷ್ಟು ಸಾಲದು
ನನಗೆ

ಮೂರನೆಯ ಸಾಲಿಗೆ ಬರುವಾಗ ಪಾಠದ ದನಿ ಹೋಗಿತ್ತು. ಕೊನೆಯ ಪದಕ್ಕೆ ಅವರ ಹೆಬ್ಬೆರಳು ಬಂಡೆಗೆ ತಾಗಿತು. ಅಲ್ಲೇ ನಿಂತರು. ಬಂಡೆಯನ್ನು ನೋಡಿದರು, ತಿರುಗಿ ಕಣವನ್ನು ಮೇಲಿನಿಂದ ಕೆಳಗೆ ನೋಡಿದರು.

‘ಇಲ್ಲಿಗೆ ಜಾಗ ಮುಗೀತಿತ್ತಾ ಅವಳಿಗೆ?’ ಎಂದು ಕೇಳಿದರು.

‘ಹೂಂ ಅಯ್ಯಾ. ರೈಟ್ರಮ್ಮ ದಿನಾ ಇಲ್ಲೇ ನಿಂತು, ಈ ಬಂಡೆಗೇ ಹೇಳ್ತಿದ್ರು’ ಎಂದಳು ದೇವಕಿ.

ದೊಡ್ಡಮಾವ ಪುಸ್ತಕದ ಕಟ್ಟು ಬಿಚ್ಚಲಿಲ್ಲ. ಹೋಗುವಾಗ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಸ್ಸಿಗೆ ಹೋದರು. ನನ್ನ ಬಳಿ ಅವರು ತಪ್ಪಾಯಿತು ಅನ್ನಲಿಲ್ಲ, ನಾನೂ ಅದಕ್ಕೆ ಕಾಯಲಿಲ್ಲ.

ಈಗ ಅಪ್ಪನೂ ಇಲ್ಲ, ದೇವಕಿಯೂ ಇಲ್ಲ. ತೋಟ ಕೈ ಬದಲಾಗಿ ಹೋಂಸ್ಟೇ ಆಯಿತು. ಯಾರಿಂದಲೂ ಆಗದಿದ್ದ ಆ ಬಂಡೆಯನ್ನು ಯಂತ್ರ ತಂದು ಒಡೆದು, ಕಣವನ್ನು ಚೌಕ ಮಾಡಿ, ಕಾರು ನಿಲ್ಲಿಸಲು ಇಂಟರ್‌ಲಾಕ್ ಹಾಸಿದ್ದಾರೆ. ಒಮ್ಮೆ ಹೋಗಿ ನೋಡಿ ಬಂದೆ, ಮತ್ತೆ ಹೋಗಲಿಲ್ಲ. ಆದರೆ ತಗಡಿನ ಅಕ್ಷರಗಳು ನನ್ನ ಹತ್ತಿರವಿವೆ. ಅವುಗಳಿಂದಲೇ ಅಮ್ಮನ ಅಷ್ಟೂ ಕವಿತೆಗಳನ್ನು ಗೋಣಿಬಟ್ಟೆಯ ಹಾಳೆಗಳ ಮೇಲೆ ಒತ್ತಿ, ಹೊಲಿದು, ಪುಸ್ತಕ ಮಾಡುತ್ತೇನೆ, ವರ್ಷಕ್ಕೆ ಕೆಲವು. ಹೊದಿಕೆಯ ಮೇಲೆ, ಚೀಲದ ಗುರುತಿನಷ್ಟೇ ದಪ್ಪಕ್ಷರದಲ್ಲಿ, ವನಜಾ. ಮುಖ ಹೊರಗೆ. ಬಿಡಿಸಿ ನೋಡಿದವರು ಸಾಲುಗಳೇಕೆ ಕೆಳಕೆಳಗೆ ಗಿಡ್ಡವಾಗುತ್ತವೆ, ಬಲಗಡೆ ಇಷ್ಟೊಂದು ಜಾಗ ಯಾಕೆ ಖಾಲಿ ಎಂದು ಕೇಳುತ್ತಾರೆ. ಖಾಲಿಯಲ್ಲ, ಅಲ್ಲೊಂದು ಬಂಡೆಯಿದೆ ಎನ್ನುತ್ತೇನೆ. ಅಮ್ಮ ಅಲ್ಲಿಯವರೆಗೂ ನಡೆಯುತ್ತಿದ್ದಳು.