ಐದು ಸೈಕಲ್, ಆರು ಹೆಂಗಸರು

ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನ ಎದುರು ಒಬ್ಬರು ಹೂವು ಮಾರುತ್ತಿದ್ದರು. ಅರೆಕೆರೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು, ಬುಟ್ಟಿಗೆ ಒದ್ದೆ ಬಟ್ಟೆ ಹಾಸಿ, ಕನಕಾಂಬರ, ಮಲ್ಲಿಗೆ, ಮರುಗ ಇಟ್ಟುಕೊಂಡು ಕೂರುತ್ತಿದ್ದರು. ನಾವೆಲ್ಲ ಹೂವಿನಮ್ಮ ಅನ್ನುತ್ತಿದ್ದೆವು. ಆಫೀಸಿಗೆ ಹೋಗುವ ದಾರಿಯಲ್ಲಿ ನಾನು ದಿನವೂ ಅವರ ಹತ್ತಿರ ಒಂದು ಮೊಳ ಹೂವು ಕೊಂಡು, ಮುಡಿದುಕೊಂಡೇ ಬಸ್ಸು ಹತ್ತುತ್ತಿದ್ದೆ. ಸರ್ಕಾರಿ ಆಫೀಸೊಂದರಲ್ಲಿ ಟೈಪಿಸ್ಟ್ ನಾನು, ಇಪ್ಪತ್ತನಾಲ್ಕು ವರ್ಷ, ಮದುವೆಯಾಗಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು.

ಒಮ್ಮೆ ಹದಿನೈದು ದಿನ ಅವರು ಬರಲಿಲ್ಲ. ಆಮೇಲೆ ಒಂದು ದಿನ ಅದೇ ಜಾಗದಲ್ಲಿ ಬುಟ್ಟಿಯಿಲ್ಲದೆ ಕೂತಿದ್ದರು. ಹತ್ತಿರ ಹೋಗಿ ಕೇಳಿದೆ.

"ಮಗಳು ಹೋಗ್ಬಿಟ್ಳು ಕಣಮ್ಮ," ಅಂದರು. "ಇಟ್ಟಮಡುಗೆ ಕೊಟ್ಟಿದ್ದೆ. ಸ್ಟೋವ್ ಸಿಡೀತು ಅಂತ ಪೊಲೀಸ್ನೋರು ಬರ್ಕೊಂಡವ್ರೆ."

ಅವರು ಅಳಲಿಲ್ಲ. ಪಕ್ಕದಲ್ಲಿ ಒಂದು ಗೋಣಿಚೀಲ ಇತ್ತು. ಅದರ ಬಾಯಿ ಬಿಚ್ಚಿ ತೋರಿಸಿದರು. ಒಳಗೆ ಹಿತ್ತಾಳೆಯ ಪಂಪ್ ಸ್ಟೋವ್. ಮಗಳ ಮದುವೆಗೆ ಅವರೇ ಕೊಟ್ಟಿದ್ದು. ಗಂಡನ ಮನೆಯವರು ಅವಳ ಸೀರೆ, ಪಾತ್ರೆಗಳ ಜೊತೆ ಅದನ್ನೂ ಕಟ್ಟಿ ವಾಪಸ್ಸು ಕಳಿಸಿದ್ದರು. ಎಲ್ಲೂ ಒಂದು ಬಿರುಕಿಲ್ಲ, ಮಸಿ ಕೂಡ ಹೆಚ್ಚಿರಲಿಲ್ಲ. ಪಂಪು ಒತ್ತಿದರೆ ಸಲೀಸಾಗಿ ಒಳಗೆ ಹೋಗುತ್ತಿತ್ತು.

"ಇದೊಂದೇ ಇದ್ದಿದ್ದು ಆ ಮನೇಲಿ," ಅಂದರು. "ಸಿಡಿದಿದ್ದು ಯಾವುದು, ನೀನೇ ಹೇಳು."

ಅಳಿಯ ಆರು ತಿಂಗಳಿಂದ ಸ್ಕೂಟರ್ ಕೇಳುತ್ತಿದ್ದನಂತೆ.

ಆಗ ನಾವು ಐದು ಜನ ಹೆಂಗಸರು ಭಾನುವಾರ ಬೆಳಿಗ್ಗೆ ಸೈಕಲ್ ಹೊಡೆಯುತ್ತಿದ್ದೆವು. ನಮ್ಮ ಬೀದಿಯಲ್ಲೇ ಇದ್ದ ಒಬ್ಬ ಡ್ರಿಲ್ ಟೀಚರ್ ನಮಗೆಲ್ಲ ಮೈದಾನದಲ್ಲಿ ಸೈಕಲ್ ಕಲಿಸಿದ್ದರು. ನಲವತ್ತರ ಹತ್ತಿರದ ಎತ್ತರದ ಹೆಂಗಸು, ಕತ್ತಿನಲ್ಲಿ ಯಾವಾಗಲೂ ಸೀಟಿ. ಉಳಿದವರೆಂದರೆ ಒಬ್ಬಳು ನರ್ಸು, ಮತ್ತೆ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದ ಅಕ್ಕ ತಂಗಿ ಇಬ್ಬರು. ಬನಶಂಕರಿಯವರೆಗೆ ಹೋಗಿ ಇಡ್ಲಿ ತಿಂದು ಬರುವುದು, ಅಷ್ಟೇ ನಮ್ಮ ಸಾಹಸ. ಅಷ್ಟಕ್ಕೇ ರಸ್ತೆಯ ಗಂಡಸರು ಸಾಲಾಗಿ ನಿಂತು ನೋಡುತ್ತಿದ್ದರು. ಕೆಲವರು ಸೀಟಿ ಹೊಡೆದರೆ ಟೀಚರ್ ಸೈಕಲ್ ನಿಲ್ಲಿಸಿ, ತಮ್ಮ ಸೀಟಿಯನ್ನು ಅವರ ಕಿವಿಯ ಪಕ್ಕದಲ್ಲೇ ಊದಿ ಮುಂದೆ ಹೋಗುತ್ತಿದ್ದರು.

ಆ ಭಾನುವಾರ ನಾನು ಸ್ಟೋವಿನ ಕತೆ ಹೇಳಿದೆ. ನರ್ಸು ಹೂವಿನಮ್ಮನನ್ನು ನೋಡಬೇಕೆಂದಳು. ಮರುದಿನ ನನ್ನ ಜೊತೆ ಬಂದು, ಅವರ ಪಕ್ಕ ಕೂತು, ಮೆಲ್ಲಗೆ ಒಂದೇ ಪ್ರಶ್ನೆ ಕೇಳಿದಳು.

"ಅಮ್ಮ, ಎಲ್ಲಿ ಸುಟ್ಟಿತ್ತು?"

"ಬೆನ್ನು. ತಲೆ ಹಿಂದ್ಗಡೆ. ಕೈ ಎಲ್ಲಾ ಹಂಗೇ ಇತ್ತು, ಬಳೆನೂ ಒಡೆದಿರ್ಲಿಲ್ಲ."

ನರ್ಸು ಎದ್ದು ನನ್ನನ್ನು ಈಚೆಗೆ ಕರೆದುಕೊಂಡು ಬಂದಳು. "ಸ್ಟೋವ್ ಮುಂದೆ ಕೂತೋಳಿಗೆ ಬೆನ್ನು ಸುಡಲ್ಲ ಕಣೇ," ಅಂದಳು.

ನಾವು ಐವರೂ ಹೂವಿನಮ್ಮನನ್ನು ಕರೆದುಕೊಂಡು ಪೊಲೀಸರ ಹತ್ತಿರ ಹೋದೆವು. ಸ್ಟೋವನ್ನು ಮೇಜಿನ ಮೇಲಿಟ್ಟೆವು. ಅಲ್ಲಿದ್ದ ಅಧಿಕಾರಿ ಅದನ್ನು ಮುಟ್ಟಿಯೂ ನೋಡಲಿಲ್ಲ. ಫೈಲು ಮುಗಿದಿದೆ, ಸಂಸಾರ ಅಂದಮೇಲೆ ಇವೆಲ್ಲ ಇದ್ದದ್ದೇ, ಹೋಗಿ ಅಂದ. ಹೊರಗೆ ಬಂದಾಗ ಹೂವಿನಮ್ಮ ಇನ್ನೊಂದು ಸುದ್ದಿ ಹೇಳಿದರು. ಅಳಿಯನಿಗೆ ಆಗಲೇ ಇನ್ನೊಂದು ಹೆಣ್ಣು ಗೊತ್ತಾಗಿದೆ. ಕನಕಪುರ ರಸ್ತೆಯಲ್ಲಿ ಕಗ್ಗಲೀಪುರ ದಾಟಿ ಒಳಗೆ ಹೋದರೆ ಸಿಗುವ ಒಂದು ಊರು. ಆ ಕಡೆಯಿಂದ ಹೂವು ತರುವವಳೊಬ್ಬಳು ಹೇಳಿದಳಂತೆ. ಮುಂದಿನ ವಾರ ವೀಳ್ಯಶಾಸ್ತ್ರ.

ಟೀಚರ್ ಸೈಕಲ್ಲಿನ ಬೀಗ ತೆಗೆಯುತ್ತಾ, "ಶನಿವಾರ ಹೊರಡೋಣ," ಅಂದರು. ಚರ್ಚೆ ಅಷ್ಟೇ ನಡೆದದ್ದು.

ಮನೆಯಲ್ಲಿ ಅಪ್ಪ ಊಟದ ತಟ್ಟೆ ಬಿಟ್ಟು ಎದ್ದರು. ಅವರು ಕೆಟ್ಟವರಲ್ಲ. ರಿಟೈರಾದ ಮೇಲೆ ಅವರಿಗೆ ಉಳಿದಿದ್ದ ಒಂದೇ ಚಿಂತೆ ನನ್ನ ಮದುವೆ.

"ಸೈಕಲ್ ಹತ್ಕೊಂಡು ಊರೂರು ಸುತ್ತೋ ಹುಡುಗೀನ ಯಾರು ಮಾಡ್ಕೋತಾರೆ?"

"ಹೂವಿನಮ್ಮನ ಮಗಳು ಮನೆ ಬಿಟ್ಟು ಎಲ್ಲೂ ಸುತ್ತಿರ್ಲಿಲ್ಲ ಅಪ್ಪ," ಅಂದೆ. "ಮಾಡ್ಕೊಂಡೋನು ಏನು ಮಾಡ್ದ?"

ಅಪ್ಪ ಕೈ ತೊಳೆಯಲು ಹೋದರು. ಶನಿವಾರ ಬೆಳಿಗ್ಗೆ ನಾನು ಹೊರಟಾಗ ಪೇಪರಿನಿಂದ ಮುಖ ಎತ್ತಲಿಲ್ಲ. ಆದರೆ ನನ್ನ ಸೈಕಲ್ಲಿನ ಎರಡೂ ಚಕ್ರಕ್ಕೆ ಯಾರೋ ಗಟ್ಟಿಯಾಗಿ ಗಾಳಿ ಹೊಡೆದಿದ್ದರು. ನಮ್ಮ ಮನೆಯಲ್ಲಿ ಪಂಪು ಹಿಡಿಯಲು ಬರುತ್ತಿದ್ದದ್ದು ಅವರೊಬ್ಬರಿಗೇ.

ಹೂವಿನಮ್ಮನಿಗೆ ಸೈಕಲ್ ಬರುತ್ತಿರಲಿಲ್ಲ. ನನ್ನ ಕ್ಯಾರಿಯರ್ ಮೇಲೆ ದಿಂಬು ಕಟ್ಟಿ ಕೂರಿಸಿಕೊಂಡೆ. ಗೋಣಿಚೀಲವನ್ನು ಅವರು ಮಡಿಲಲ್ಲಿ ಅವುಚಿಕೊಂಡರು. ಟೀಚರ್ ತಮ್ಮ ಸೈಕಲ್ಲಿನ ಹ್ಯಾಂಡಲ್ಲಿಗೆ ಒಂದು ರಟ್ಟು ಕಟ್ಟಿದ್ದರು. ಅದರ ಮೇಲೆ ಕೆಂಪು ಅಕ್ಷರದಲ್ಲಿ, "ನಿಮ್ಮ ಮಗಳನ್ನು ಕೊಡುವ ಮೊದಲು ನಮ್ಮನ್ನು ಕೇಳಿ" ಅಂತ ಬರೆದಿತ್ತು.

ಕೋಣನಕುಂಟೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ರಾಗಿ ಹೊಲಗಳು, ಹುಣಸೆಮರಗಳು. ಏರಿನಲ್ಲಿ ಇಳಿದು ತಳ್ಳುತ್ತಿದ್ದೆವು, ಇಳಿಜಾರಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಿಡುತ್ತಿದ್ದೆವು. ಊರು ಬಂದಲ್ಲೆಲ್ಲ ಟೀಚರ್ ಸೀಟಿ ಊದುತ್ತಿದ್ದರು. ಜನ ಸೇರುತ್ತಿದ್ದರು, ಹೆಚ್ಚಾಗಿ ಸೈಕಲ್ ಮೇಲಿನ ಹೆಂಗಸರನ್ನು ನೋಡುವುದಕ್ಕೆ. ಅಕ್ಕ ತಂಗಿ ಇಬ್ಬರೂ ತಾವೇ ಕಟ್ಟಿದ ಹಾಡು ಹೇಳುತ್ತಿದ್ದರು. ಟೀಚರ್ ಮಾತಾಡುತ್ತಿದ್ದರು. ಹೂವಿನಮ್ಮ ಮಾತ್ರ ಬಾಯಿ ಬಿಡದೆ ಚೀಲ ಹಿಡಿದು ನಿಂತಿರುತ್ತಿದ್ದರು. ಒಂದು ಊರಲ್ಲಿ ಯಾರೋ ಸಗಣಿ ಎಸೆದರು. ನರ್ಸು ಅದನ್ನು ತೊಳೆದುಕೊಂಡು, ಅದೇ ಊರಿನಲ್ಲಿ ಇನ್ನೂ ಅರ್ಧ ಗಂಟೆ ಹೆಚ್ಚು ನಿಲ್ಲೋಣ ಅಂದಳು. ನಿಂತೆವು.

ಆ ರಾತ್ರಿ ದಾರಿಯಲ್ಲಿ ಟೀಚರಿಗೆ ಪರಿಚಯವಿದ್ದವರ ಮನೆಯಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಆ ಊರು ತಲುಪಿದೆವು. ಸುದ್ದಿ ನಮಗಿಂತ ಮೊದಲೇ ಹೋಗಿತ್ತು. ಅರಳಿಕಟ್ಟೆಯ ಹತ್ತಿರ ಏಳೆಂಟು ಗಂಡಸರು ನಿಂತಿದ್ದರು. ಹಿರಿಯರೊಬ್ಬರು ಮುಂದೆ ಬಂದರು.

"ಯಾವೂರಮ್ಮ ನಿಮ್ದು? ಜೊತೇಲಿ ಗಂಡಸ್ರು ಯಾರೂ ಬಂದಿಲ್ವಾ?"

"ಬರ್ತೀವಿ ಅಂದ್ರು ಅಣ್ಣ. ನಾವೇ ಬೇಡ ಅಂದ್ವಿ," ಅಂದರು ಟೀಚರ್.

ಹುಡುಗಿಯ ತಂದೆ ಯಾರು ಅಂತ ಕೇಳಿದೆವು. ಬಿಳಿ ಟವೆಲ್ ಹೆಗಲಿಗೆ ಹಾಕಿಕೊಂಡಿದ್ದ ಒಬ್ಬರು, "ನಾನೇ. ನಮ್ಮನೆ ವಿಚಾರ ನಿಮಗ್ಯಾಕೆ? ಬಂದ ದಾರೀಲೇ ಹೋಗಿ," ಅಂದರು. ಟೀಚರ್ ಮಾತು ಶುರು ಮಾಡುವಷ್ಟರಲ್ಲಿ ಹಿಂದಿನಿಂದ ಸುಸ್ಸೆಂದು ಸದ್ದು ಕೇಳಿತು. ಮೂರ್ನಾಲ್ಕು ಜನ ನಮ್ಮ ಸೈಕಲ್‌ಗಳನ್ನು ಸುತ್ತುವರಿದು ಗಾಳಿ ಬಿಡುತ್ತಿದ್ದರು. ಹತ್ತು ಚಕ್ರಗಳೂ ನೆಲಕ್ಕೆ ಅಂಟಿಕೊಂಡವು. ವಾಲ್ವುಗಳನ್ನು ಕಿತ್ತು ಒಬ್ಬ ಜೇಬಿಗೆ ಹಾಕಿಕೊಂಡ.

ನನಗೆ ಅಳು ಬಂತು. ಆದರೆ ಟೀಚರ್ ನಕ್ಕರು. ನಿಧಾನವಾಗಿ ಹೋಗಿ ಕಟ್ಟೆಯ ಮೇಲೆ ಕೂತರು.

"ಹೋಗಿ ಅಂತೀರಿ, ಗಾಳೀನೂ ತೆಗೀತೀರಿ. ಇನ್ನು ಹೆಂಗೆ ಹೋಗೋದು? ಇಲ್ಲೇ ಇರ್ತೀವಿ ಬಿಡಿ."

ನಾವೂ ಹೋಗಿ ಅವರ ಪಕ್ಕ ಕೂತೆವು. ಬೈದರು. ನಾವು ಕದಲಲಿಲ್ಲ. ಆ ಹೊತ್ತಿಗೆ ಬಾಗಿಲುಗಳಲ್ಲಿ, ನೀರಿನ ತೊಟ್ಟಿಯ ಹತ್ತಿರ ಹೆಂಗಸರು ಬಂದು ನಿಲ್ಲತೊಡಗಿದ್ದರು. ಆಗ ಹೂವಿನಮ್ಮ ಎದ್ದರು. ಯಾರನ್ನೂ ಕೇಳದೆ ಕಟ್ಟೆಯ ಕೆಳಗೆ ಕೂತು, ಚೀಲದಿಂದ ಸ್ಟೋವ್ ತೆಗೆದರು. ಒಂದು ಸಣ್ಣ ಬಾಟ್ಲಿಯಲ್ಲಿ ಸೀಮೆಎಣ್ಣೆಯನ್ನೂ ತಂದಿದ್ದರು. ಅದು ನಮಗೂ ಗೊತ್ತಿರಲಿಲ್ಲ. ಎಣ್ಣೆ ಹುಯ್ದು, ಬರ್ನರ್ ಕಾಯಿಸಿ, ಹತ್ತಿಪ್ಪತ್ತು ಸಲ ಪಂಪು ಹೊಡೆದರು. ಸ್ಟೋವ್ ಭುಸ್ಸೆಂದು ಹೊತ್ತಿಕೊಂಡಿತು. ನೀಲಿ ಉರಿ ಸುತ್ತಲೂ ಸಮನಾಗಿ ನಿಂತಿತು.

"ಇದೇ ಸ್ಟೋವು," ಅಂದರು. ಅವರ ದನಿ ದೊಡ್ಡದೇನಲ್ಲ. "ನನ್ನ ಮಗಳ ಮೇಲೆ ಸಿಡೀತು ಅಂತ ಬರ್ದಿದ್ದು ಇದನ್ನೇ. ನೋಡ್ಕೊಳ್ಳಿ. ಎಷ್ಟೊತ್ತಾದ್ರೂ ಉರೀಲಿ, ನಾನು ಇದ್ರ ಮುಂದೇನೇ ಕೂತಿರ್ತೀನಿ."

ಕೂತೇ ಇದ್ದರು. ಸ್ಟೋವ್ ಸದ್ದು ಮಾಡುತ್ತಾ ಉರಿಯುತ್ತಲೇ ಇತ್ತು. ಬಿಸಿಲು ಏರಿತು. ಯಾರೋ ಮುದುಕಿ ಒಂದು ಪಾತ್ರೆಯಲ್ಲಿ ನೀರು ತಂದು ಸ್ಟೋವಿನ ಮೇಲಿಟ್ಟಳು. ಅದು ಕುದಿಯಿತು. ಇನ್ನೊಬ್ಬಳು ಟೀಪುಡಿ, ಬೆಲ್ಲ ತಂದಳು.

ಆಗ ಗುಂಪು ಸರಿಸಿಕೊಂಡು ಒಬ್ಬ ಹುಡುಗಿ ಬಂದಳು. ಹತ್ತೊಂಬತ್ತೋ ಇಪ್ಪತ್ತೋ ಇರಬಹುದು. ಹೂವಿನಮ್ಮನ ಎದುರು ಕುಕ್ಕರಗಾಲಿನಲ್ಲಿ ಕೂತು, ತುಂಬ ಹೊತ್ತು ಉರಿ ನೋಡಿದಳು.

"ಜಾಂಡೀಸ್ ಬಂದು ಸತ್ತೋದ್ರು ಅಂತ ಹೇಳಿದ್ರು ನಮಗೆ," ಅಂದಳು.

ಹುಡುಗಿ ತಿರುಗಿ ತಂದೆಯ ಮುಖ ನೋಡಿದಳು. "ಅಪ್ಪ, ಜಾಂಡೀಸ್ ಅಂದ್ರಲ್ವಾ?"

ಆ ಮನುಷ್ಯ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಹುಡುಗಿಯನ್ನು ಗದರಲಿಲ್ಲ, ನಮ್ಮನ್ನೂ ಗದರಲಿಲ್ಲ. ಸುಮ್ಮನೆ ಮನೆಯ ಕಡೆ ನಡೆದು ಹೋದರು. ಅವರ ಮನಸ್ಸಲ್ಲಿ ಏನಿತ್ತೋ ನಮಗೆ ತಿಳಿಯಲಿಲ್ಲ. ವಾಲ್ವುಗಳೂ ಸಿಗಲಿಲ್ಲ. ಟೀ ಕುಡಿದು, ಸೈಕಲ್ ತಳ್ಳಿಕೊಂಡೇ ಕಗ್ಗಲೀಪುರದ ಸೈಕಲ್ ಶಾಪಿನವರೆಗೆ ನಡೆದೆವು. ಊರ ಗಡಿಯವರೆಗೆ ಹನ್ನೆರಡು ಜನ ಹೆಂಗಸರು ನಮ್ಮ ಜೊತೆ ಬಂದರು. ಆ ಮುದುಕಿ ನನ್ನ ಸೈಕಲ್ಲಿನ ಒಂದು ಕಡೆಯ ಹ್ಯಾಂಡಲ್ ಹಿಡಿದು ತಳ್ಳುತ್ತಾ, ಇದನ್ನು ಕಲಿಯೋಕೆ ಎಷ್ಟು ದಿನ ಬೇಕು ಅಂತ ಕೇಳಿದಳು.

ಆ ಶಾಸ್ತ್ರ ನಡೆಯಲಿಲ್ಲ. ಹುಡುಗಿ ಒಲ್ಲೆ ಅಂದಳಂತೆ, ತಂದೆಯೂ ಅವಳ ಮಾತಿಗೆ ನಿಂತರಂತೆ. ಹೂವು ತರುವವಳು ಆ ಸುದ್ದಿ ಹೇಳಿದ ದಿನ ಹೂವಿನಮ್ಮ ನಮ್ಮೈವರಿಗೂ ಮೊಳ ಹಾಕದೆ, ಕೈ ತುಂಬ ಕನಕಾಂಬರ ಕೊಟ್ಟರು.

ಗೆದ್ದೆವು ಅಂದುಕೊಂಡೆವು. ಆದರೆ ವರ್ಷ ತುಂಬುವುದರೊಳಗೆ ಆ ಅಳಿಯ ಎಲ್ಲೋ ದೂರದ ಊರಿನ ಹುಡುಗಿಯನ್ನು ಮದುವೆಯಾಗಿ ಇಟ್ಟಮಡುವಿನ ಅದೇ ಮನೆಗೆ ತಂದಿಟ್ಟುಕೊಂಡ. ನಮಗೆ ಗೊತ್ತಾದಾಗ ಎಲ್ಲ ಮುಗಿದಿತ್ತು. ಎಷ್ಟು ಊರಿಗೆ ಅಂತ ಸೈಕಲ್ ಹೊಡೆಯಲಿ? ಅದನ್ನು ಬಾಯಿ ಬಿಟ್ಟು ಹೇಳಿದೆ ಕೂಡ.

ಹೂವಿನಮ್ಮ ಅಂದರು, "ಅವಳು ಇನ್ನೂ ಬದುಕವಳೆ ತಾನೆ? ಹೋಗಿ ನೋಡ್ಕೊಂಡು ಬರೋಣ."

ಹಾಗೆ ಶುರುವಾಯಿತು. ಪ್ರತಿ ತಿಂಗಳ ಮೊದಲ ಭಾನುವಾರ, ಹಗಲು ಹತ್ತು ಗಂಟೆಗೆ ಸರಿಯಾಗಿ, ನಾವು ಇಟ್ಟಮಡುವಿನ ಆ ಬೀದಿಗೆ ಹೋಗುತ್ತಿದ್ದೆವು. ಆ ಮನೆಯ ಎದುರು ಸೈಕಲ್ ನಿಲ್ಲಿಸಿ, ಎಲ್ಲರೂ ಒಟ್ಟಿಗೆ ಬೆಲ್ ಬಾರಿಸುತ್ತಿದ್ದೆವು. ಅವಳನ್ನು ಬಾಗಿಲಲ್ಲೋ ಕಿಟಕಿಯಲ್ಲೋ ಕಣ್ಣಾರೆ ನೋಡುವ ತನಕ ನಿಲ್ಲಿಸುತ್ತಿರಲಿಲ್ಲ. ಮೊದಲ ಸಲ ಅವನು ಗೇಟಿಗೆ ಬಂದು ಕೂಗಾಡಿದ.

"ಏನು ಬೇಕ್ರೀ ನಿಮಗೆ? ಪೊಲೀಸ್‌ಗೆ ಕಂಪ್ಲೇಂಟ್ ಕೊಡ್ತೀನಿ."

"ಕೊಡಿ ಸಾರ್," ಅಂದರು ಟೀಚರ್. "ಅವರಿಗೂ ನಮ್ಮ ಪರಿಚಯ ಇದೆ. ನಾವು ನಿಮ್ಮ ಮನೆಯವರನ್ನ ನೋಡ್ಬೇಕು. ನೋಡಿದ್ಮೇಲೆ ಹೋಗ್ತೀವಿ."

ಪಕ್ಕದ ಮನೆಯವರು ಗಲಾಟೆ ಅಂತ ಬೈದರು. ಆಮೇಲಾಮೇಲೆ ಅವರೇ ಹತ್ತು ಗಂಟೆಗೆ ಕಾಂಪೌಂಡಿಗೆ ಒರಗಿ ಕಾಯತೊಡಗಿದರು. ಐದು ಸೈಕಲ್ ಹನ್ನೊಂದಾದವು. ಹೂವಿನಮ್ಮ ನಲವತ್ತೇಳನೇ ವಯಸ್ಸಿಗೆ, ಎರಡು ಸಲ ಮೊಣಕಾಲು ಒಡೆದುಕೊಂಡು, ಸೈಕಲ್ ಕಲಿತರು. ಬೆಲ್ ಬಾರಿಸುವುದರಲ್ಲಿ ಅವರೇ ಮುಂದು.

ಹೊಸ ಹೆಂಡತಿ ಮೊದಮೊದಲು ನಮ್ಮನ್ನು ಕಂಡರೆ ಹೆದರುತ್ತಿದ್ದಳು. ಕಿಟಕಿಯಿಂದ ಮುಖ ತೋರಿಸಿ ಒಳಗೆ ಹೋಗುತ್ತಿದ್ದಳು. ಮಾತಾಡಿದ್ದೇ ಇಲ್ಲ. ಮೂರನೇ ವರ್ಷದ ಒಂದು ಭಾನುವಾರ ಜೋರು ಮಳೆ. ನಾವು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಹೋಗಿ ಬೆಲ್ ಬಾರಿಸಿದೆವು. ಅವಳು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಕೊಡೆ ಹಿಡಿದು ಗೇಟಿನವರೆಗೆ ಬಂದಳು. ಗಂಡ ಬಾಗಿಲಲ್ಲೇ ನಿಂತಿದ್ದ. ಅವನಿಗೆ ಕೇಳಿಸುವ ಹಾಗೆಯೇ ಹೂವಿನಮ್ಮನಿಗೆ ಹೇಳಿದಳು:

"ಮುಂದಿನ ತಿಂಗಳೂ ಬನ್ನಿ ಅಮ್ಮ."