ಗಂಗಮ್ಮನ ಒಡಪು

ಲಕ್ವಾ ಹೊಡೆದವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕೆಲಸ. ಇಟ್ಟಿಗಿಯ ಗಂಗಮ್ಮನವರಿಗೆ ಮಾತು ಅಷ್ಟಿಷ್ಟು ಮರಳಿತ್ತು. ಅವತ್ತು ಒಂದು ಆಟ ಹೂಡಿದೆ: ಚಿತ್ರ ತೋರಿಸಿದರೆ ಹೆಸರು ಹೇಳಬೇಕು, ಜೊತೆಗೆ ನಾನು ಚಪ್ಪಾಳೆ ತಟ್ಟಿದರೆ ಹೇಳದೆ ತಡೆದುಕೊಳ್ಳಬೇಕು. ಆದರೆ ಚಪ್ಪಾಳೆ ತಟ್ಟಿದರೂ ಎಮ್ಮಿ, ಒನಕಿ, ಕಂಬಳಿ ಎಲ್ಲ ಬಾಯಿಂದ ಜಾರಿಬಿಟ್ಟವು.

ಸುಲಭದ್ದೊಂದು ಕೇಳೋಣವೆಂದು, ಎದುರಿಗಿದ್ದ ಅವರ ಗಂಡನನ್ನು ತೋರಿಸಿ, "ಇವರ ಹೆಸರೇನ್ರಿ?" ಎಂದೆ. ಗಂಗಮ್ಮ ತುಟಿ ಬಿಗಿದು ತಲೆ ತಗ್ಗಿಸಿದರು. ಮತ್ತೆ ಕೇಳಿದೆ. ಸೆರಗನ್ನು ಬಾಯಿಗೆ ಒತ್ತಿಕೊಂಡರು. ನನ್ನ ಮುಖ ನೋಡಿ ಗಂಡನಿಗೂ ಗಾಬರಿಯಾಯಿತು. "ನನ್ನ ಹೆಸರ ಮರ್ತಾಳೇನ್ರಿ?"

ಒಲೆಯ ಮುಂದಿದ್ದ ನಾದಿನಿ ನಕ್ಕರು. "ಹಂಗ ನೇರ ಕೇಳಿದ್ರ ಗಂಡನ ಹೆಸರು ಯಾರು ಹೇಳ್ತಾರ್ರಿ ಅಕ್ಕಾರ? ಅತ್ತಿಗೆಮ್ಮ, ಒಡಪು ಹಾಕಿ, ಪದದಾಗ ಹೆಸರು ಸೇರಿಸಿ ಹೇಳು."

ಗಂಗಮ್ಮ ತಡೆತಡೆದು, ಪ್ರಾಸ ಹುಡುಕಿ, ಹೇಳಿಯೇಬಿಟ್ಟರು:

"ಬುಟ್ಯಾಗ ರೊಟ್ಟಿ, ಗಡಿಗ್ಯಾಗ ತುಪ್ಪ,
ಲಕ್ವಾ ಹೊಡದ್ರೂ ಕೈ ಬಿಡಲಿಲ್ಲ ನಮ್ಮ ಹನುಮಪ್ಪ!"

"ಎರಡನೇ ಸಾಲು ಹೊಸಾದೈತಿ!" ಎಂದು ನಾದಿನಿ ಕುಣಿದಾಡಿದರು. ಹನುಮಪ್ಪನವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

ನನ್ನ ಚಪ್ಪಾಳೆಗೆ ಜಗ್ಗದ ಮೆದುಳು, ಯಾವ ಮಾತನ್ನು ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬ ಹಳೇ ಕಟ್ಟಳೆಯನ್ನು ಭದ್ರವಾಗಿ ಇಟ್ಟುಕೊಂಡಿತ್ತು. ಇನ್ನು ಅಲ್ಲಿಂದಲೇ ಪಾಠ ಶುರು ಮಾಡಬಹುದು ಅನ್ನಿಸಿತು.

ಹೊರಡುವಾಗ ಗಂಗಮ್ಮ, "ನಿಮ್ಮ ಮನಿಯವರ ಹೆಸರು?" ಎಂದರು. "ರಮೇಶ" ಎಂದೆ ಥಟ್ಟನೆ.

ಅವರು ನಾದಿನಿಯ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಪಾಪ, ಇವ್ರಿಗೆ ಯಾವಾಗ ಹೊಡದಿತ್ತಂತ ಲಕ್ವಾ?"