ಕಾಜದಕ್ಕ ನಾಲ್ಕು ಸಲ ಒಗೆದ ಬಟ್ಟೆ

ಕಾಜದಕ್ಕನನ್ನು ಮೊದಲ ಸಲ ನೋಡಿದ ದಿನ ಫೈಲಮ್ಮನಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆಗಿನ್ನೂ ಅವಳಿಗೆ ಫೈಲಮ್ಮ ಎಂಬ ಹೆಸರು ಬಿದ್ದಿರಲಿಲ್ಲ. ತೀವ್ರ ಮಾನಸಿಕ ಕಾಯಿಲೆ ಇರುವವರು ಆಸ್ಪತ್ರೆಯ ಹೊರಗೆ, ನಾಲ್ಕು ಜನರ ನಡುವೆ ಬದುಕಲು ನೆರವಾಗುವ ಸಣ್ಣ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿ ಅವಳಿಗೆ ಒಂಬತ್ತು ದಿನವಾಗಿತ್ತು. ಮನೆಗಳಿಗೂ ಕೆಲಸದ ಜಾಗಗಳಿಗೂ ಹೋಗಿ ಅವರನ್ನು ಕಂಡು ಬರುವುದು ಅವಳ ಪಾಲಿನ ಕೆಲಸ. ಹಳ್ಳಿಯಲ್ಲಿ ಬೆಳೆದವಳು, ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ತಾನೊಂದು ತಪ್ಪು ಮಾಡಿದರೆ ಇಡೀ ಮನೆತನವೇ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಂತೆ ಎಂದು ನಂಬಿದ್ದಳು. ಅದಕ್ಕೇ ಎಲ್ಲಿಗೆ ಹೋದರೂ ಎದೆಗೊಂದು ಫೈಲು ಅವಚಿಕೊಂಡೇ ಹೋಗುತ್ತಿದ್ದಳು.

ಟೈರಿನ ಅಂಗಡಿಯ ಮೇಲಿನ ಮಹಡಿಯಲ್ಲಿ ದರ್ಜಿಯಂಗಡಿ. ಹನ್ನೊಂದು ಕಡಿದಾದ ಮೆಟ್ಟಿಲು ಹತ್ತುವಷ್ಟರಲ್ಲಿ ರಬ್ಬರಿನ ವಾಸನೆ ಹೋಗಿ ಇಸ್ತ್ರಿಯ ಬಿಸಿ ಬಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಮೂರು ಹೊಲಿಗೆ ಮೆಷಿನ್ನು, ನಡುವೆ ಒಂದು ಉದ್ದನೆಯ ಮೇಜು, ಮೇಜಿನ ಹಿಂದೆ ಕೊರಳಲ್ಲಿ ಟೇಪು ಇಳಿಬಿಟ್ಟ ಕಟಿಂಗ್ ಮಾಸ್ಟರ್. ಕಿಟಕಿಯ ಪಕ್ಕ ಬೋರಲು ಹಾಕಿದ ಮರದ ಪೆಟ್ಟಿಗೆಯ ಮೇಲೆ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ತೊಡೆಯ ಮೇಲೆ ಅಂಗಿಯ ಮುಂಭಾಗ, ಹಲ್ಲಿನ ನಡುವೆ ದಾರ. ಗುಂಡಿ ತೂರಿಸುವ ತೂತಿನ ಸುತ್ತ ಅಂಚು ಕಟ್ಟುತ್ತಿದ್ದಳು. ಅದಕ್ಕೆ ಕಾಜ ಅನ್ನುತ್ತಾರೆ. ಆ ಬೀದಿಯಲ್ಲಿ ಮೆಷಿನ್ನಿಗಿಂತ ಸಣ್ಣದಾಗಿ ಕೈಯಲ್ಲಿ ಕಾಜ ಹಾಕುವವಳು ಅವಳೊಬ್ಬಳೇ. ಹಾಗಾಗಿ ಎಲ್ಲರಿಗೂ ಕಾಜದಕ್ಕ.

ಬಂದವಳನ್ನು ನೋಡಿ ಒಂದು ಬೆರಳೆತ್ತಿದಳು, ತಡಿ ಎಂಬಂತೆ. ಹಿಡಿದಿದ್ದ ಕಾಜ ಮುಗಿಸಿ ದಾರ ಕಚ್ಚಿ ತುಂಡು ಮಾಡಿದಳು.

"ಕೇಂದ್ರದಿಂದ ಬಂದೋಳಾ? ಕೂತ್ಕೋ. ಆ ಫೈಲು ಕೆಳಗಿಡು. ನಾನು ಮಾತಾಡೋದು ನಿನ್ನ ಜೊತೆ, ಅದರ ಜೊತೆ ಅಲ್ಲ."

ಫೈಲು ಚಿಂದಿಗಳ ಮೇಲೆ ಕೂತಿತು. ಮಾಸ್ಟರ್ ಮೇಜಿನ ಕಡೆಯಿಂದಲೇ, ನಮ್ಮ ಕಾಜದಕ್ಕನ್ನ ನೋಡೋಕೆ ಆಫೀಸರು ಬಂದಿದಾರೆ ಎಂದು ಸಾರಿದ. ತನ್ನನ್ನು ನೋಡಲು ಯಾರೂ ಬರುವುದಿಲ್ಲವೆಂದು ಮಾಸ್ಟರಿಗೆ ಹೊಟ್ಟೆಕಿಚ್ಚು ಎಂದು ಕಾಜದಕ್ಕ ತಲೆಯೆತ್ತದೆ ಉತ್ತರ ಕೊಟ್ಟಳು. ಮೆಷಿನ್ನಿನವರು ನಕ್ಕರು.

ಪಟ್ಟಿಯಲ್ಲಿದ್ದ ಪ್ರಶ್ನೆಗಳನ್ನು ಫೈಲಮ್ಮ ನೆನಪಿನಿಂದಲೇ ಕೇಳಿದಳು. ಕಿವಿಯಲ್ಲಿ ದನಿಗಳು ಕೇಳಿಸುತ್ತವೆಯೇ ಎಂದು ಕೇಳುವಾಗ ಅವಳದೇ ದನಿ ಇಳಿದಿತ್ತು.

"ಕೇಳಿಸ್ತಾವೆ. ಇದು ಕೆಲಸದ ಹೊತ್ತು, ಆಮೇಲೆ ಬನ್ನಿ ಅಂತೀನಿ. ಮರ್ಯಾದಸ್ತ ದನಿಗಳು ಎದ್ದು ಹೋಗ್ತಾವೆ. ಒಂದೆರಡು ಭಂಡ ದನಿ ಅಲ್ಲೇ ಕೂರ್ತಾವೆ, ಏನ್ ಮಾಡೋದು?"

ನಗಬೇಕೋ ಬೇಡವೋ ಎಂದು ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಫೈಲಮ್ಮನಿಗೆ ನಗು ಬಂತು, ನಕ್ಕಳು. ಕಾಜದಕ್ಕ ಆ ಹೆಸರಿಟ್ಟದ್ದೂ ಅವತ್ತೇ.

ಕಾಜದಕ್ಕನ ಹಿಂದಿನ ಕತೆ ತಿಳಿದದ್ದು ಚೂರುಚೂರಾಗಿ. ಏಳು ವರ್ಷದ ಹಿಂದೆ ಅವಳು ಒಂದೇ ಹೊದಿಕೆಯನ್ನು ಮೂರು ದಿನ ಒಗೆದಿದ್ದಳು. ಅದರಲ್ಲಿ ಯಾರೋ ವಿಷ ಹಚ್ಚಿದ್ದಾರೆಂದು ದನಿಗಳು ಹೇಳಿದ್ದವು. ಅಣ್ಣ ಬಂದು ನೋಡುವಾಗ ಬಕೆಟ್ಟಿನ ನೀರು ಕೆಂಪಾಗಿತ್ತು, ಅಂಗೈಯ ಚರ್ಮ ಸುಲಿದುಹೋಗಿತ್ತು. ಮೂರು ತಿಂಗಳು ಆಸ್ಪತ್ರೆ. ಆಮೇಲೆ ಎರಡು ವರ್ಷ ಅಣ್ಣನ ಮನೆಯ ಹಿಂದಿನ ಕೋಣೆ, ಹೊರಗಿನಿಂದ ಚಿಲಕ. ಅಣ್ಣ ಕೆಟ್ಟವನಲ್ಲ. ಮೊಳೆ, ಪೈಪು, ಬಣ್ಣ ಮಾರುವ ಅಂಗಡಿಯವನು. ಊಟವನ್ನು ತಾನೇ ತಂದುಕೊಡುತ್ತಿದ್ದ. ಚಿಲಕ ಹಾಕುವಾಗ ಮಾತ್ರ ಮುಖ ತಿರುಗಿಸುತ್ತಿದ್ದ. ಅಲ್ಲಿಂದ ಅವಳನ್ನು ಹೊರಗೆ ತರಲು ಕೇಂದ್ರದವರು ಒಂದು ವರ್ಷ ಹೆಣಗಿದರು. ಕೇಂದ್ರದ ಕಣ್ಗಾವಲಿನಲ್ಲಿ ಮೂವರು ಹೆಂಗಸರು ಬಾಡಿಗೆಗಿರುವ ಮನೆಯಲ್ಲಿ ಅವಳಿಗೊಂದು ಕೋಣೆ ಸಿಕ್ಕಿತು. ಅಣ್ಣ ಒಂದು ಷರತ್ತಿನ ಮೇಲೆ ಒಪ್ಪಿದ್ದ: ಇನ್ನೊಂದು ಸಲ ಕಾಯಿಲೆ ಕೆರಳಿದರೆ ಮಾತಿಲ್ಲದೆ ತನ್ನ ಮನೆಗೆ ವಾಪಸ್ ಬರಬೇಕು.

ಕೇಂದ್ರದಲ್ಲಿ ಒಂದು ಪದ್ಧತಿ ಇತ್ತು. ಆರಾಮಾಗಿದ್ದಾಗಲೇ ಪ್ರತಿಯೊಬ್ಬರೂ ತಮ್ಮ ಕಾಯಿಲೆ ಮರಳುವ ಗುರುತುಗಳನ್ನು ಕಾಗದದಲ್ಲಿ ಬರೆದು ಸಹಿ ಹಾಕಬೇಕು. ಮೂರು ಗುರುತು ಒಟ್ಟಿಗೆ ಕಂಡರೆ ಭೇಟಿಗೆ ಬರುವವರು ಮನೆಯವರಿಗೆ ತಿಳಿಸಬೇಕು, ಡಾಕ್ಟರ ಬಳಿ ಸಮಯ ಗೊತ್ತು ಮಾಡಬೇಕು. ಕಾಜದಕ್ಕನ ಕಾಗದವನ್ನು ಅವಳು ಹೇಳಿದಂತೆ ಫೈಲಮ್ಮನೇ ದುಂಡಾಗಿ ಬರೆದಿದ್ದಳು. ಊಟದ ಡಬ್ಬಿ ಬಿಚ್ಚದೆ ವಾಪಸ್ ತರುವುದು. ಒಂದೇ ಬಟ್ಟೆಯನ್ನು ಮತ್ತೆ ಮತ್ತೆ ಒಗೆಯುವುದು. ಗಟ್ಟಿ ದನಿಯಲ್ಲಿ ಜಗಳ. ಮಾತ್ರೆ ಬಿಡುವುದು. ಹಗಲಲ್ಲೂ ಕಿಟಕಿ ಮುಚ್ಚಿ ಕೂರುವುದು. ಕೆಳಗೆ ಕಾಜದಕ್ಕನ ಸಹಿ, ಕಾಜದಷ್ಟೇ ಸಣ್ಣಗೆ.

ಎರಡು ವರ್ಷ ಆ ಕಾಗದ ಕಪಾಟಿನ ಬಾಗಿಲ ಒಳಗೆ ಅಂಟಿಕೊಂಡು ತೆಪ್ಪಗಿತ್ತು.

ಮೂರನೆಯ ವರ್ಷ ಒಂದು ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಫೈಲಮ್ಮ ಆ ಮನೆಗೆ ಹೋದಳು. ಹಿತ್ತಲಲ್ಲಿ ಕಾಜದಕ್ಕ ಒಂದು ನೀಲಿ ಬಟ್ಟೆಯನ್ನು ಹಿಂಡುತ್ತಿದ್ದಳು. ಅದೇ ಮನೆಯ ಟೀಚರಮ್ಮ ಬಾಗಿಲ ಮರೆಯಲ್ಲಿ ನಿಂತು ಪಿಸುದನಿಯಲ್ಲಿ ಹೇಳಿದರು: ನಿನ್ನೆಯಿಂದ ಇದೇ ಆಗಿದೆ, ಅದೇ ಬಟ್ಟೆ, ಇದು ಮೂರನೇ ಸಲ. ಟೀಚರಮ್ಮ ಹಿಂದೆ ಗಣಿತ ಕಲಿಸುತ್ತಿದ್ದವರು. ಅವರಿಗೂ ಕಾಯಿಲೆ ಇತ್ತು, ಆದರೆ ಎಣಿಕೆ ತಪ್ಪುತ್ತಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ನಿನ್ನೆಯ ಊಟದ ಡಬ್ಬಿ ಬಿಚ್ಚದೆ ಕೂತಿತ್ತು.

ಯಾಕಕ್ಕ ಒಗೆಯುತ್ತಿದ್ದೀರಿ ಎಂದು ಫೈಲಮ್ಮ ಕೇಳಿದಳು. ಕಾಜದಕ್ಕನ ಬಾಯಲ್ಲಿ ಬಟ್ಟೆಯ ಕ್ಲಿಪ್ಪುಗಳಿದ್ದವು. "ಕೆಲಸ ಇದೆ. ಆಮೇಲೆ," ಎಂದಳು, ತಿರುಗಿಯೂ ನೋಡದೆ.

ಅಲ್ಲಿಂದ ನೇರ ದರ್ಜಿಯಂಗಡಿಗೆ. ನಿನ್ನೆ ಕೆಳಗಿನ ಟೈರಿನವರಿಗೂ ಕೇಳುವ ಹಾಗೆ ಕೂಗಾಡಿ ಕೆಲಸ ಬಿಟ್ಟು ಎದ್ದು ಹೋದಳೆಂದು ಮಾಸ್ಟರ್ ದೂರಿದ. "ತಲೆ ಕೆಟ್ಟಿದೆ ಅವಳಿಗೆ. ನನಗೇ ಪಾಠ ಹೇಳೋಕೆ ಬರ್ತಾಳೆ. ಕರ್ಕೊಂಡು ಹೋಗಿ ಎಲ್ಲಾದ್ರೂ ಸೇರಿಸಿ." ಮೆಷಿನ್ನಿನವರು ತಲೆ ತಗ್ಗಿಸಿ ಪೆಡಲು ತುಳಿದರು. ಜಗಳ ಯಾವುದಕ್ಕೆ ಎಂದು ಫೈಲಮ್ಮ ಕೇಳಲಿಲ್ಲ. ಮೆಟ್ಟಿಲಿನ ಮೇಲೇ ನಿಂತು ಫೈಲು ಬಿಚ್ಚಿ ಮೂರು ಗುರುತು ಹಾಕಿದಳು. ನಿಯಮದಂತೆ ನಡೆದ ಸಮಾಧಾನವಿತ್ತು. ಡಾಕ್ಟರಿಗೆ ಫೋನು ಮಾಡಿದಳು, ಅಣ್ಣನಿಗೂ ಮಾಡಿದಳು.

ಫೈಲಮ್ಮ ಆ ಮನೆಗೆ ಮರಳಿ ಕಾಯುತ್ತಿದ್ದಾಗ, ಮಧ್ಯಾಹ್ನದ ಹೊತ್ತಿಗೆ ಅಣ್ಣ ಬಂದ, ಕೈಯಲ್ಲೊಂದು ಖಾಲಿ ಬ್ಯಾಗು. ಗೇಟಿನ ಹೊರಗೆ ಬಾಡಿಗೆ ಕಾರು ನಿಂತಿತ್ತು. ಹಿತ್ತಲಲ್ಲಿ ಕಾಜದಕ್ಕ ಅದೇ ನೀಲಿ ಬಟ್ಟೆಯನ್ನು ನಾಲ್ಕನೆಯ ಸಲ ತಂತಿಗೆ ಹರವುತ್ತಿದ್ದಳು. ಅಣ್ಣ ಮೊದಲು ನೋಡಿದ್ದು ಅವಳ ಅಂಗೈಯನ್ನು.

"ನಡಿ ಪುಟ್ಟಿ. ಮಾತಾಗಿದೆ. ನೀನೇ ಸಹಿ ಹಾಕಿದೀಯ."

"ಇದು ಒಣಗೋವರೆಗೂ ನಾನು ಎಲ್ಲಿಗೂ ಬರಲ್ಲ."

ಅಣ್ಣ ಫೈಲಮ್ಮನ ಕಡೆ ತಿರುಗಿದ. ಅವತ್ತು ಹೊದಿಕೆಯನ್ನೂ ಹೀಗೇ ಕೈಬಿಡಲಿಲ್ಲ ಎಂದ. ಫೈಲಮ್ಮನ ಮನಸ್ಸು ತಾನಾಗಿಯೇ ಇನ್ನೊಂದು ಗುರುತು ಬರೆದುಕೊಂಡಿತು: ಹಟ. ಅದು ಮುಖದಲ್ಲಿ ಕಂಡಿತೋ ಏನೋ, ಕಾಜದಕ್ಕ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಳು. ದನಿ ಏರಿಸಲಿಲ್ಲ.

"ಸುಮ್ಮನಿದ್ರೆ ಮಂಕು ಬಡಿದಿದೆ ಅಂತೀರ. ಮಾತಾಡಿದ್ರೆ ಜಾಸ್ತಿ ಆಗಿದೆ ಅಂತೀರ. ಬರಲ್ಲ ಅಂದ್ರೆ ಅದೂ ಕಾಯಿಲೆ. ಊರಲ್ಲಿ ಎಲ್ಲರಿಗೂ ಸಿಟ್ಟು ಬರುತ್ತೆ, ನನಗೆ ಮಾತ್ರ ಗುರುತು ಬರುತ್ತಾ ಫೈಲಮ್ಮ?"

ಫೈಲಮ್ಮ ಮಾಸ್ಟರಿನ ಮಾತನ್ನು ಪೂರ್ತಿ ಕೇಳಿ ಬಂದಿದ್ದಳು. ಕಾಜದಕ್ಕ ಬಾಯಿಂದ ಕ್ಲಿಪ್ಪು ತೆಗೆಯುವಷ್ಟು ಹೊತ್ತೂ ಕಾದಿರಲಿಲ್ಲ.

ಡಾಕ್ಟರ ಬಳಿಗೆ ತಾನು ಬರುವುದಾಗಿಯೂ ನಡೆದೇ ಬರುವುದಾಗಿಯೂ ಕಾಜದಕ್ಕ ಹೇಳಿದಳು. ಆದರೆ ತನ್ನ ಬಟ್ಟೆಬರೆಗೆ ಯಾರೂ ಕೈ ಹಚ್ಚಕೂಡದು. ಅಣ್ಣ ಒಪ್ಪದೆ ಬ್ಯಾಗು ಹಿಡಿದು ಅವಳ ಕೋಣೆಯ ಕಡೆ ಹೊರಟ. ಆಗ ಟೀಚರಮ್ಮ ಬಾಗಿಲ ಮರೆಯಿಂದ ಬಂದರು. ಪರಗಂಡಸರ ಎದುರು ಅವರು ನಿಂತದ್ದನ್ನು ಆ ಮನೆ ಕಂಡಿರಲಿಲ್ಲ. ಅವನ ಕೈಯಿಂದ ಬ್ಯಾಗನ್ನು ತೆಗೆದುಕೊಂಡು ನೆಲಕ್ಕೆ ಹಾಕಿ ಅದರ ಮೇಲೆ ಕೂತುಬಿಟ್ಟರು.

"ನಾನು ಏಳಲ್ಲ," ಎಂದರು. "ಎಬ್ಬಿಸಿ ನೋಡೋಣ."

ಇಬ್ಬಿಬ್ಬರನ್ನು ಎಬ್ಬಿಸುವ ಶಕ್ತಿ ಅಣ್ಣನಿಗಿರಲಿಲ್ಲ. ಬಟ್ಟೆ ಒಣಗುವವರೆಗೆ ನಾಲ್ವರೂ ಕಾದರು. ಕಾರಿನವನು ಎರಡು ಸಲ ಹಾರ್ನ್ ಹೊಡೆದು, ಕೊನೆಗೆ ಬೈದುಕೊಂಡು ಹೋದ.

ಡಾಕ್ಟರ ಮೇಜಿನ ಮೇಲೆ ಕಾಜದಕ್ಕ ಮೊದಲು ಇಟ್ಟದ್ದು ಆ ನೀಲಿ ಬಟ್ಟೆ, ಪಕ್ಕದಲ್ಲಿ ಟೇಪು. ಅಳೆಯಿರಿ ಎಂದಳು. ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಅಳೆದರು. ಮೂವತ್ತನಾಲ್ಕೂವರೆ ಇಂಚು. ತಾನು ಕತ್ತರಿಸಿಕೊಂಡು ಬಂದದ್ದು ಮೂವತ್ತಾರು ಎಂದಳು ಕಾಜದಕ್ಕ. ಮೇಲಿನ ಅಂಚಿನಲ್ಲಿ ಪೆನ್ಸಿಲಿನಿಂದ ಪ್ರತಿ ಒಗೆತದ ಅಳತೆ ಬರೆದಿತ್ತು. ಮೂರನೆಯದೂ ನಾಲ್ಕನೆಯದೂ ಒಂದೇ. ಬಟ್ಟೆ ಎಲ್ಲಿಗೆ ಕುಗ್ಗಿ ನಿಲ್ಲುತ್ತದೆಂದು ತಿಳಿಯಬೇಕಾದರೆ ನಿಲ್ಲುವವರೆಗೆ ಒಗೆಯಲೇಬೇಕು.

ದರ್ಜಿಯಂಗಡಿಗೆ ಇದೇ ನೀಲಿ ಬಟ್ಟೆಯಲ್ಲಿ ಬಸ್ ಡ್ರೈವರುಗಳಿಗೆಂದು ನೂರ ನಲವತ್ತು ಅಂಗಿಯ ಕೆಲಸ ಬಂದಿತ್ತು. ಬಟ್ಟೆಯನ್ನು ನೆನೆಸಿ ಒಣಗಿಸಿ ಆಮೇಲೆ ಕತ್ತರಿಸಬೇಕಿತ್ತು. ಅವಸರದಲ್ಲಿ ಮಾಸ್ಟರ್ ನೆನೆಸದೆಯೇ ಕತ್ತರಿ ಹಾಕಿದ್ದ. ಮೊದಲ ಒಗೆತಕ್ಕೇ ಅಂಗಿ ಕುಗ್ಗುತ್ತದೆ, ಗುಂಡಿಯ ಅಂಚಿನೊಳಗೆ ಇಟ್ಟು ಹೊಲಿದ ಗಟ್ಟಿ ಪಟ್ಟಿ ಕುಗ್ಗುವುದಿಲ್ಲ, ಗುಂಡಿಯ ಸಾಲು ನೆರಿಗೆಗಟ್ಟುತ್ತದೆ, ಆಗ ಜನ ಬೈಯುವುದು ಕಾಜ ಹಾಕಿದವಳನ್ನು. ಅವಳು ಹೇಳಿದಳು, ಮಾಸ್ಟರ್ ನಕ್ಕ. ಮತ್ತೆ ಹೇಳಿದಳು, ಎಲ್ಲರೆದುರು ಹುಚ್ಚಿ ಎಂದ. ಊಟ ಯಾರಿಗೆ ಸೇರುತ್ತದೆ?

ಡಾಕ್ಟರಮ್ಮ ತಮ್ಮ ಪ್ರಶ್ನೆಗಳನ್ನೂ ಬಿಡಲಿಲ್ಲ. ಕಾಜದಕ್ಕ ಏನನ್ನೂ ಮುಚ್ಚಿಡಲಿಲ್ಲ. ಎರಡು ದಿನದಿಂದ ನಿದ್ದೆ ಕಡಿಮೆ. ಮಾತ್ರೆ ಬಿಟ್ಟಿಲ್ಲ. ದನಿಗಳು ಹೆಚ್ಚಾಗಿವೆ, ಮಾಸ್ಟರಿನ ಪರವಾಗಿ ಮಾತಾಡುತ್ತಿವೆ.

"ಕಾಯಿಲೆ ನನಗಿದೆ ಡಾಕ್ಟ್ರೇ, ಇಲ್ಲ ಅಂತ ಯಾವತ್ತೂ ಅಂದಿಲ್ಲ. ಆದ್ರೆ ಬಟ್ಟೆ ಅಳೆಯೋದು ಕಾಯಿಲೆ ಅಲ್ಲ, ಅದು ನನ್ನ ಕಸುಬು. ಇವೆರಡನ್ನ ಒಂದೇ ಗಂಟು ಕಟ್ಟಬೇಡಿ."

ಈಗ ಎಲ್ಲಿಗೂ ಸೇರಿಸುವ ಅಗತ್ಯವಿಲ್ಲ, ಕೋಣೆ ಬಿಡಿಸುವುದಂತೂ ಬೇಡವೇ ಬೇಡ ಎಂದರು ಡಾಕ್ಟರಮ್ಮ. ನಿದ್ದೆಗೊಂದು ಮಾತ್ರೆ ಬರೆದರು, ವಾರ ಬಿಟ್ಟು ಬರಲು ಹೇಳಿದರು. ಆಮೇಲೆ ಫೈಲಮ್ಮನನ್ನು ನೋಡಿ, ಯಾಕೆ ಒಗೆಯುತ್ತಿದ್ದಾರೆಂದು ಕೇಳಿದಿರಾ ಎಂದರು. ಕೇಳಿದೆ, ಆದರೆ ಉತ್ತರಕ್ಕೆ ಕಾಯಲಿಲ್ಲ ಎಂದಳು ಫೈಲಮ್ಮ. ಅಷ್ಟು ಹೇಳುವಷ್ಟರಲ್ಲಿ ಅವಳ ಕಿವಿ ಬಿಸಿಯಾಗಿತ್ತು.

ಅಣ್ಣ ಟೇಪು ತೆಗೆದುಕೊಂಡು ತಾನೇ ಇನ್ನೊಂದು ಸಲ ಅಳೆದ. ದಿನವಿಡೀ ಪೈಪು ಅಳೆದು ಮಾರುವವನು, ಟೇಪಿನೊಡನೆ ವಾದ ಮಾಡಲಾರ. ಹೊರಗೆ ಬಂದ ಮೇಲೆ, ಅವತ್ತು ಆ ಕೆಂಪು ನೀರು ಕಂಡೆನಲ್ಲ ಪುಟ್ಟಿ, ಈಗಲೂ ಬಕೆಟ್ಟು ನೋಡಿದರೆ ಜೀವ ಝಲ್ಲೆನ್ನುತ್ತದೆ ಎಂದ.

"ಅವತ್ತು ನೀನು ಮಾಡಿದ್ದು ಸರಿ ಅಣ್ಣ. ಇವತ್ತು ಮಾಡಿದ್ದು ತಪ್ಪು. ಅವತ್ತಿನ ಸರಿ ತಂದು ಇವತ್ತಿಗೆ ಹೊಂದಿಸಬೇಡ."

ಮರುದಿನ ಫೈಲಮ್ಮ ಕ್ಷಮೆ ಕೇಳಲು ಹೋದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳನ್ನು ಕಾಜದಕ್ಕ ಅರ್ಧಕ್ಕೇ ತಡೆದಳು. ಬರೀ ಮಾತಲ್ಲಿ ಬೇಡ, ಕಾಗದ ತಾ ಎಂದಳು. ಹಳೆಯದನ್ನು ಕಪಾಟಿನಿಂದ ಕಿತ್ತು ಹೊಸದರಲ್ಲಿ ನಡುವೆ ಗೆರೆ ಎಳೆಸಿದಳು. ಎಡಗಡೆ ಕಾಯಿಲೆಯ ಗುರುತುಗಳು. ಒಂದೇ ಬಟ್ಟೆ ಒಗೆಯುವ ಸಾಲನ್ನು ಬಿಡಲಿಲ್ಲ, 'ಕಾರಣ ಕೇಳಿದರೆ ವಿಷ ಅನ್ನುವುದು' ಎಂದು ಸೇರಿಸಿದಳು. ಬಲಗಡೆ 'ಇದು ನಾನೇ' ಎಂದು ಬರೆಸಿ ಅದರ ಕೆಳಗೆ ಸಾಲುಸಾಲಾಗಿ ಹೇಳಿದಳು: ಕೆಲಸ ಕೆಟ್ಟರೆ ಸಿಟ್ಟು ಬರುತ್ತದೆ. ತಪ್ಪು ಕಂಡರೆ ಗಟ್ಟಿಯಾಗಿ ಹೇಳುತ್ತೇನೆ. ಬೇಡ ಅಂದರೆ ಬೇಡ. ಮೂರು ಗುರುತು ಕಂಡರೆ ಮೊದಲು ಕೇಳಬೇಕಾದದ್ದು ನನ್ನನ್ನು, ಉತ್ತರ ಮುಗಿಯುವವರೆಗೆ ಕೂರಬೇಕು. ಅಣ್ಣನೂ ಅದಕ್ಕೆ ಸಹಿ ಹಾಕಿದ. ತನ್ನ ಷರತ್ತನ್ನು ಮಾತ್ರ ಪೂರ್ತಿ ಬಿಟ್ಟುಕೊಡಲಿಲ್ಲ. ಮನೆಗೆ ಬರಬೇಕೋ ಬೇಡವೋ ಎನ್ನುವುದು ಇನ್ನು ಮುಂದೆ ಡಾಕ್ಟರ ಮಾತು, ಫೋನಿನ ಮಾತಲ್ಲ ಎಂಬಲ್ಲಿಗೆ ಬಂದು ನಿಂತ.

ಒಂದೂವರೆ ತಿಂಗಳಿಗೆ ಅಂಗಿಗಳು ಕುಗ್ಗಿ ದರ್ಜಿಯಂಗಡಿಗೆ ಹಿಂತಿರುಗಿದವು. ಮಾಸ್ಟರ್ ಬಟ್ಟೆ ಗಿರಣಿಯವರನ್ನು ಬೈದ. ಪಟ್ಟಿ ಬಿಚ್ಚಿ ಮತ್ತೆ ಕಾಜ ಹಾಕಲು ಕೈ ಬೇಕಿತ್ತು, ಕಾಜದಕ್ಕನ ಮನೆಯ ಗೇಟಿನ ತನಕ ಬಂದ. ಆದದ್ದು ಆಗಿಹೋಯಿತು, ಬಾ ಎಂದ.

"ಆಗಿಹೋಗಿದ್ದಲ್ಲ ಮಾಸ್ಟ್ರೇ, ನೀವು ಅಂದಿದ್ದು. ಯಾರ ಮುಂದೆ ಅಂದ್ರೋ ಅವರ ಮುಂದೆ ತಪ್ಪಾಯ್ತು ಅನ್ನಿ, ಬರ್ತೀನಿ."

ಮಾಸ್ಟರ್ ಗೇಟಿನ ಚಿಲಕವನ್ನು ಒಂದೆರಡು ಸಲ ಆಡಿಸಿ ಹೊರಟುಹೋದ. ಅವಳೂ ಆ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಎರಡು ತಿಂಗಳು ಕೈಗೆ ಕೆಲಸವಿರಲಿಲ್ಲ. ಫೈಲಮ್ಮ ಬೀದಿಬೀದಿ ತಿರುಗಿ ದರ್ಜಿಯಂಗಡಿಗಳಲ್ಲಿ ಕೇಳಿದಳು. ಕಾಯಿಲೆಯವಳೇ ಎಂದು ಕೇಳಿದವರಿಗೆ ಹೌದು ಎಂದು ಹೇಳಿ, ಕಾಜ ಹಾಕಿದ ಒಂದು ತುಂಡನ್ನು ಮೇಜಿನ ಮೇಲೆ ಇಡುತ್ತಿದ್ದಳು. ಹೆಚ್ಚಿನವರು ತುಂಡು ನೋಡದೆ ವಾಪಸ್ ಕೊಟ್ಟರು. ಮೂವರು ನೋಡಿದರು.

ಈಗ ಕಾಜದಕ್ಕ ಅದೇ ಮನೆಯ ಮುಂದಿನ ಕೋಣೆಯಲ್ಲಿ ಕೂತು ಆ ಮೂರು ಅಂಗಡಿಗಳಿಗೆ ಕಾಜ ಹಾಕುತ್ತಾಳೆ. ತಿಂಗಳಿಗೊಮ್ಮೆ ಡಾಕ್ಟರ ಬಳಿಗೆ ಹೋಗುತ್ತಾಳೆ. ಬುಧವಾರ ಮಧ್ಯಾಹ್ನ ಕೇಂದ್ರದಲ್ಲಿ ಹೊಸದಾಗಿ ಬಂದವರ ಪಕ್ಕ ಕೂತು ಅವರ ಕಾಗದ ಬರೆಸುತ್ತಾಳೆ, ಬಲಗಡೆಯ ಸಾಲುಗಳನ್ನು ಮೊದಲು.